ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕೋದು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಅಲ್ಲಿಂದೀಚೆಗೆ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಪರಿಚಯದವರೆಲ್ಲ ಕೇಳುವುದು ಒಂದೇ: "ಲಿನಕ್ಸ್ ಹಾಕಬೇಕಂತಲ್ಲ, ಯಾವುದು ಹಾಕಲಿ?" ಲಿನಕ್ಸ್ ಎಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಹುಡುಕಲು ಕೂತರೆ ಅದರಲ್ಲೇ ನೂರಾರು ಹೆಸರು. ಒಬ್ಬ ಒಂದನ್ನು ಹೊಗಳುತ್ತಾನೆ, ಇನ್ನೊಬ್ಬ ಅದನ್ನೇ ತೆಗಳುತ್ತಾನೆ. ಮೂರು ವಿಡಿಯೊ ನೋಡುವಷ್ಟರಲ್ಲಿ ಉತ್ಸಾಹ ಇಳಿದು ಲ್ಯಾಪ್‌ಟಾಪ್ ಮತ್ತೆ ಅಟ್ಟ ಸೇರುತ್ತದೆ.

ಹಾಗಾಗಿ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪ್ರೊಸೆಸರ್ 64 ಬಿಟ್‌ನದ್ದಾಗಿದ್ದು, ರ‍್ಯಾಮ್ 4 ಜಿಬಿ ಅಥವಾ ಹೆಚ್ಚಿದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪ್‌ನ) ಆವೃತ್ತಿ ಹಾಕಿ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಈ ಎರಡರಲ್ಲಿ ಹೆಚ್ಚು ಫಲ ಕೊಡುವುದು ಎರಡನೆಯದು. ಮಿಂಟ್ ಬಿಟ್ಟು ಬೇರೆ ಯಾವಾಗ, ಯಾರಿಗೆ ಎಂಬುದನ್ನು ಮುಂದೆ ನೋಡೋಣ.

ಅದಕ್ಕೂ ಮುಂಚೆ, ಲಿನಕ್ಸೇ ಬೇಕೆಂದಿಲ್ಲ. ವಿಂಡೋಸ್ 10ಕ್ಕೇ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯನ್ನು ಮೈಕ್ರೋಸಾಫ್ಟ್ ಮನೆ ಬಳಕೆದಾರರಿಗೂ ಕೊಟ್ಟಿತು. ಘೋಷಿಸಿದ ಗಡುವು 2026ರ ಅಕ್ಟೋಬರ್ 13. ಮಗಳ ಪರೀಕ್ಷೆ ಮುಗಿಯಲಿ, ಆಡಿಟ್ ಮುಗಿಯಲಿ ಎನ್ನುವವರಿಗೆ ಅದು ಸರಿ. ಅದರಿಂದ ಯಂತ್ರ ಮಾತ್ರ ಚುರುಕಾಗುವುದಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಿಮ್ಮದು ಯಾವ ಪೀಳಿಗೆ ಎಂದು ತಿಳಿಯಲು ಕೀಬೋರ್ಡ್ ಪಕ್ಕದ ಸ್ಟಿಕರ್ ಸಾಲದು, ಪೂರ್ತಿ ಮಾದರಿ ಸಂಖ್ಯೆ ನೋಡಿ: ಐ5-5200ಯು ಅಂದರೆ ಐದನೆಯದು, ಐ5-8250ಯು ಅಂದರೆ ಎಂಟನೆಯದು. ಷರತ್ತು ತಪ್ಪಿಸಿ ಹನ್ನೊಂದನ್ನು ತೂರಿಸುವ ಉಪಾಯಗಳೂ ಓಡಾಡುತ್ತಿವೆ. 4 ಜಿಬಿಯ ಐದನೇ ಪೀಳಿಗೆಯ ಯಂತ್ರಕ್ಕೆ ಆ ಶಿಕ್ಷೆ ಬೇಡ.

ಮೊದಲು ಯಂತ್ರ ನೋಡಿ

ಯಾವ ಲಿನಕ್ಸ್ ಎಂಬ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇದೆ. ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಸೆಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ಒತ್ತಿ. ರ‍್ಯಾಮ್ ಎಷ್ಟು ಎಂಬುದು ಅಲ್ಲೇ ಕಾಣುತ್ತದೆ. ಅದರ ಕೆಳಗೆ ಸಿಸ್ಟಮ್ ಟೈಪ್ ಎಂಬ ಸಾಲನ್ನು ಗಮನವಿಟ್ಟು ಓದಿ. "32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್" ಎಂದಿದ್ದರೆ ಒಳಗಿನ ವಿಂಡೋಸ್ ಮಾತ್ರ 32 ಬಿಟ್‌ನದು. ಯಂತ್ರ 64 ಬಿಟ್ ಲಿನಕ್ಸನ್ನು ಧಾರಾಳವಾಗಿ ಓಡಿಸುತ್ತದೆ. 2 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ಗಳಿಗೆ ಅಂಗಡಿಯವರು 32 ಬಿಟ್ ವಿಂಡೋಸ್ ಹಾಕಿ ಕೊಡುತ್ತಿದ್ದದ್ದು ಮಾಮೂಲು. ಅದನ್ನು ನೋಡಿ "ನಂದು ಹಳೇ 32 ಬಿಟ್" ಎಂದು ಕೈಬಿಟ್ಟವರು ಎಷ್ಟೋ ಜನ. ಕೋರ್ 2 ಡ್ಯುಯೊ ಕೂಡ 64 ಬಿಟ್‌ನದೇ. ನಿಜವಾಗಿ 32 ಬಿಟ್ಟಿಗೆ ಸಿಕ್ಕಿಕೊಂಡಿರುವುದು 2006ರ ಸುಮಾರಿನ ಕೋರ್ ಡ್ಯುಯೊ, ಅದಕ್ಕೂ ಹಿಂದಿನ ಪೆಂಟಿಯಂ ಎಂ, ಮತ್ತು 2008-09ರಲ್ಲಿ ಬಂದ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270.

ಇನ್ನು ಡಿಸ್ಕ್. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿರುವುದಕ್ಕೆ ಪ್ರೊಸೆಸರ್ ಕಾರಣ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಅಪರಾಧಿ ಅದಲ್ಲ, ಒಳಗೆ ಗಿರಗಿರ ತಿರುಗುತ್ತಿರುವ 5400 ಆರ್‌ಪಿಎಂ ಹಾರ್ಡ್ ಡಿಸ್ಕ್. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಅದೇ ಜಾಗಕ್ಕೆ ಸರಿಯಾಗಿ ಕೂರುತ್ತದೆ. 240 ಜಿಬಿಯದು ಆರಂಭಕ್ಕೆ ಸಾಕು. ಫೋಟೊ, ಸಿನಿಮಾ ತುಂಬಿದ ಹಳೇ ಡಿಸ್ಕನ್ನು ಬಿಡಲು ಮನಸ್ಸಿಲ್ಲದಿದ್ದರೆ ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟು ಹಾಕಿ ಅದರಲ್ಲಿ ಡಿಸ್ಕ್ ಕೂರಿಸಬಹುದು. ಕ್ಯಾಡಿ 9.5 ಮಿಲಿಮೀಟರ್, 12.7 ಮಿಲಿಮೀಟರ್ ಎಂದು ಎರಡು ದಪ್ಪದಲ್ಲಿ ಬರುತ್ತದೆ. ಡಿವಿಡಿ ಡ್ರೈವ್ ಬಿಚ್ಚಿ ಅಳೆದುಕೊಂಡೇ ಅಂಗಡಿಗೆ ಹೋಗಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಅರ್ಧ ಗಂಟೆಯ ಕೆಲಸ.

ರ‍್ಯಾಮ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಡಿಡಿಆರ್3 ಎಂದು ಕೇಳಿದರೆ ಎರಡು ಬಗೆ ಸಿಗುತ್ತದೆ: 1.5 ವೋಲ್ಟ್‌ನದು ಮತ್ತು 1.35 ವೋಲ್ಟ್‌ನ ಡಿಡಿಆರ್3ಎಲ್. ಇಂಟೆಲ್ ನಾಲ್ಕನೇ ಪೀಳಿಗೆಯಿಂದ ಈಚಿನ ಲ್ಯಾಪ್‌ಟಾಪ್‌ಗಳಿಗೆ ಎಲ್ ಇರುವುದೇ ಬೇಕು. ಕಡ್ಡಿಯ ಮೇಲಿನ ಚೀಟಿಯಲ್ಲಿ ಪಿಸಿ3ಎಲ್ ಎಂದಿರುತ್ತದೆ. ಹಳೆಯದನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಹೋದರೆ ವಾದವೇ ಇರುವುದಿಲ್ಲ.

ಬ್ರೌಸರ್‌ನ ಭಾರ ಎಲ್ಲ ಕಡೆ ಒಂದೇ

"ಹಗುರ ಲಿನಕ್ಸ್" ಎಂಬ ಮಾತಿಗೆ ಹೊಸಬರು ಬೇಗ ಮರುಳಾಗುತ್ತಾರೆ. ಲೆಕ್ಕ ಹಾಕಿ ನೋಡೋಣ. ಏನೂ ತೆರೆಯದೆ ಸುಮ್ಮನೆ ಕೂತಾಗ ಮಿಂಟ್ ಎಕ್ಸ್‌ಎಫ್‌ಸಿಇ ಮುಕ್ಕಾಲು ಜಿಬಿಯ ಆಸುಪಾಸು ರ‍್ಯಾಮ್ ಹಿಡಿಯುತ್ತದೆ. ಲುಬುಂಟು ಎಂಬ ಇನ್ನೊಂದು ಲಿನಕ್ಸ್ ಅದಕ್ಕಿಂತ ನೂರು-ಇನ್ನೂರು ಎಂಬಿ ಕಮ್ಮಿ. ಆಂಟಿಎಕ್ಸ್ ಎಂಬುದು ಇನ್ನೂರು ಎಂಬಿ ಸುತ್ತಮುತ್ತ. ಭಾರೀ ವ್ಯತ್ಯಾಸ ಅನ್ನಿಸುತ್ತದೆ. ಆಮೇಲೆ ಬ್ರೌಸರ್ ತೆರೆದು ಜಿಮೇಲ್, ಯೂಟ್ಯೂಬ್, ವಾಟ್ಸ್ಆಪ್ ವೆಬ್ ಮೂರೇ ಮೂರು ಟ್ಯಾಬ್ ಇಟ್ಟರೆ ಒಂದೂವರೆ ಜಿಬಿ ಅದಕ್ಕೇ ಹೋಗುತ್ತದೆ, ಯಾವ ಲಿನಕ್ಸ್ ಆದರೂ ಅಷ್ಟೇ. ಡೆಸ್ಕ್‌ಟಾಪ್ ಹಗುರ ಮಾಡಬಹುದು, ಜಿಮೇಲನ್ನು ಹಗುರ ಮಾಡುವುದು ಯಾರ ಕೈಯಲ್ಲೂ ಇಲ್ಲ.

ಆದ್ದರಿಂದ 4 ಜಿಬಿ ಇರುವವರು ಮುನ್ನೂರು ಎಂಬಿ ಉಳಿಸಲು ಸವಲತ್ತು ಬಿಟ್ಟುಕೊಡಬೇಕಿಲ್ಲ. 2 ಜಿಬಿ ಇರುವವರಿಗೆ ಆ ಮುನ್ನೂರು ಎಂಬಿ ದೊಡ್ಡದೇ, ಆದರೆ ಅವರು ಒಂದು ಸಲಕ್ಕೆ ಎರಡು-ಮೂರು ಟ್ಯಾಬ್ ಎಂಬ ಶಿಸ್ತನ್ನೂ ಒಪ್ಪಿಕೊಳ್ಳಬೇಕು. ಜೊತೆಗೆ ಝಡ್‌ರ‍್ಯಾಮ್ ಎಂಬುದನ್ನು ಹಾಕಿಕೊಂಡರೆ ರ‍್ಯಾಮಿನಲ್ಲಿರುವುದನ್ನೇ ಒತ್ತಿ ಸಣ್ಣದು ಮಾಡಿ ಇಟ್ಟುಕೊಳ್ಳುತ್ತದೆ. ಜಾಗ ಸಾಲದೆ ಹಾರ್ಡ್ ಡಿಸ್ಕ್‌ನ ಸ್ವಾಪ್‌ಗೆ (ಮೆಮೊರಿಯ ಬದಲಿ ಜಾಗಕ್ಕೆ) ಹೋಗಿ ಯಂತ್ರ ಕಲ್ಲಾಗಿ ಕೂರುವುದು ಕಡಿಮೆಯಾಗುತ್ತದೆ.

ಯೂಟ್ಯೂಬ್‌ದು ಬೇರೆ ಕಥೆ. ವಿಡಿಯೊ ಹಾಕಿದ ತಕ್ಷಣ ಫ್ಯಾನ್ ಜೋರಾಗಿ ಕೂಗಲು ಶುರುವಾದರೆ ಲಿನಕ್ಸನ್ನು ಬೈಯಬೇಡಿ. ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9, ಎವಿ1 ಎಂಬ ರೂಪದಲ್ಲಿ ವಿಡಿಯೊ ಕಳಿಸುತ್ತದೆ. ವಿಪಿ9 ಅನ್ನು ಪೂರ್ತಿಯಾಗಿ ಚಿಪ್‌ನಲ್ಲೇ ಬಿಡಿಸುವ ಶಕ್ತಿ ಇಂಟೆಲ್‌ಗೆ ಬಂದದ್ದು ಏಳನೇ ಪೀಳಿಗೆಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಆ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಹಳೆಯ ಎಚ್.264 ರೂಪಕ್ಕೆ ಮಾತ್ರ ಈ ಯಂತ್ರಗಳಲ್ಲೂ ಚಿಪ್ ನೆರವಿದೆ. ಎನ್‌ಹ್ಯಾನ್ಸ್‌ಡ್ ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಆ ರೂಪದಲ್ಲೇ ಕಳಿಸುತ್ತದೆ. 1080ಪಿಗಿಂತ ಮೇಲೆ ಹೋಗಲಾಗದು, ಆದರೆ ಈ ಲ್ಯಾಪ್‌ಟಾಪ್‌ಗಳ ಪರದೆ ಬಹುಪಾಲು 1366 ಬೈ 768, ಕಳೆದುಕೊಳ್ಳುವುದೇನೂ ಇಲ್ಲ. ಇಂಟೆಲ್ ಗ್ರಾಫಿಕ್ಸ್ ಇರುವ ಲಿನಕ್ಸ್ ಯಂತ್ರಗಳಲ್ಲಿ ಈ ಚಿಪ್ ನೆರವನ್ನು ಫೈರ್‌ಫಾಕ್ಸ್ 2023ರ 115ನೇ ಆವೃತ್ತಿಯಿಂದ ತಾನಾಗಿಯೇ ಬಳಸುತ್ತಿದೆ.

ಮಿಂಟ್‌ಗೆ ಯಾಕೆ ಮೊದಲ ಮಣೆ

ಮಿಂಟ್ ಉಬುಂಟು ಎಂಬ ಜನಪ್ರಿಯ ಲಿನಕ್ಸ್‌ನ ಮೇಲೆ ಕಟ್ಟಿದ್ದು. ಈಗಿನ 22 ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಒಮ್ಮೆ ಹಾಕಿ ಮರೆತುಬಿಡುವವರಿಗೆ ಇದು ದೊಡ್ಡ ಮಾತು. ಅದರಲ್ಲಿ ಮೂರು ರೂಪ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಸಿನಮನ್ ಚೆಲುವೆ, 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ಅದನ್ನೇ ಹಾಕಿ. 4 ಜಿಬಿಗೆ ಎಕ್ಸ್‌ಎಫ್‌ಸಿಇ. ಮಾಟೆ ಇವೆರಡರ ನಡುವಿನದು, ಹೊಸಬರು ತಲೆಕೆಡಿಸಿಕೊಳ್ಳಬೇಕಿಲ್ಲ.

ಮೂರರಲ್ಲೂ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ವೈಫೈ ಮತ್ತು ಗಡಿಯಾರ. ವಿಂಡೋಸ್ 7 ಬಳಸಿದ ಯಾರಿಗೂ ಐದು ನಿಮಿಷಕ್ಕಿಂತ ಹೆಚ್ಚು ಪಾಠ ಬೇಡ. ನನಗೆ ಮಿಂಟ್ ಹಿಡಿಸುವುದು ಇದಕ್ಕಿಂತ ಒಳಗಿನ ಎರಡು ಕಾರಣಕ್ಕೆ. ಒಂದು, ಡ್ರೈವರ್ ಮ್ಯಾನೇಜರ್. ಹಳೇ ಡೆಲ್, ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಮ್ ವೈಫೈ ಚಿಪ್ ತುಂಬಾ ಇದೆ. ಅದಕ್ಕೆ ಕಂಪನಿಯ ಡ್ರೈವರ್ ಬೇರೆಯೇ ಹಾಕಬೇಕು. ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು! ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ. ಮಿಂಟ್ ಅದನ್ನು ನೆಟ್‌ವರ್ಕ್ ಎಂದೇ ಹಿಡಿಯುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಬ್ರಾಡ್‌ಕಾಮ್ ಎಂದಿರುವುದಕ್ಕೆ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ.

ಎರಡನೆಯದು ಟೈಮ್‌ಶಿಫ್ಟ್. ಸಿಸ್ಟಮ್ ಇವತ್ತು ಹೇಗಿದೆಯೋ ಹಾಗೇ ಒಂದು ಪ್ರತಿ ತೆಗೆದಿಡುತ್ತದೆ. ಅಪ್‌ಡೇಟ್ ಆದಮೇಲೆ ಏನಾದರೂ ಎಡವಟ್ಟಾದರೆ ಹಿಂದಿನ ದಿನಕ್ಕೆ ವಾಪಸ್. ಪ್ರಯೋಗ ಮಾಡಿ ಕಲಿಯುವವರಿಗೆ ಇದಕ್ಕಿಂತ ಧೈರ್ಯ ಬೇರೆ ಬೇಡ. ನೆನಪಿರಲಿ, ಇದು ಕಾಯುವುದು ಸಿಸ್ಟಮನ್ನು. ನಿಮ್ಮ ಫೋಟೊ, ಕಡತಗಳ ಬ್ಯಾಕಪ್ ನೀವೇ ಮಾಡಿಕೊಳ್ಳಬೇಕು.

ಲುಬುಂಟು, ಕ್ಸುಬುಂಟು, ಝೋರಿನ್

ಲುಬುಂಟು ಎಲ್‌ಎಕ್ಸ್‌ಕ್ಯೂಟಿ ಎಂಬ ಡೆಸ್ಕ್‌ಟಾಪ್ ಬಳಸುತ್ತದೆ. 2 ಜಿಬಿ ಯಂತ್ರಕ್ಕೆ ನಾನು ಹೇಳುವ ಮೊದಲ ಹೆಸರು ಇದು. ನೋಡಲು ಸಾದಾ, ಕೆಲಸಕ್ಕೆ ಗಟ್ಟಿ. ಎರಡು ಕೊರತೆ ಗೊತ್ತಿರಲಿ. ಉಬುಂಟು ಕುಟುಂಬದ ಈ ಉಪಶಾಖೆಗಳಿಗೆ ಬೆಂಬಲ ಮೂರೇ ವರ್ಷ, 24.04ಕ್ಕೆ 2027ರ ಏಪ್ರಿಲ್‌ವರೆಗೆ. ಇನ್ನೊಂದು, ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಕಟ್ಟಿನಲ್ಲಿ ಬರುತ್ತದೆ, ತೆರೆಯಲು ನಿಧಾನ. ಎಸ್‌ಎಸ್‌ಡಿ ಇದ್ದರೆ ವ್ಯತ್ಯಾಸ ಅಷ್ಟಾಗಿ ತಿಳಿಯದು. ಹಾರ್ಡ್ ಡಿಸ್ಕ್ ಆದರೆ ಮೊದಲ ಸಲ ಫೈರ್‌ಫಾಕ್ಸ್ ಒತ್ತಿ, ಎದ್ದು ಹೋಗಿ ನೀರು ಕುಡಿದು ಬರಬಹುದು. ಮಿಂಟ್‌ನವರು ಸ್ನ್ಯಾಪ್ ಅನ್ನು ಬಾಗಿಲಲ್ಲೇ ತಡೆದಿದ್ದಾರೆ, ಅಲ್ಲಿ ಫೈರ್‌ಫಾಕ್ಸ್ ಮಾಮೂಲಿ ಪ್ಯಾಕೇಜ್ ಆಗಿಯೇ ಬರುತ್ತದೆ. ಹಳೇ ಯಂತ್ರಗಳ ವಿಷಯದಲ್ಲಿ ಡೆಸ್ಕ್‌ಟಾಪ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಇದೇ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಕ್ಸುಬುಂಟು ಎಂದರೆ ಉಬುಂಟು ಮೇಲೆ ಎಕ್ಸ್‌ಎಫ್‌ಸಿಇ. ಮಿಂಟ್ ಎಕ್ಸ್‌ಎಫ್‌ಸಿಇ ಇರುವಾಗ ಹೊಸಬರು ಇದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ. ಮೂಲ ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ 4 ಜಿಬಿಯಲ್ಲಿ ಏದುಸಿರು ಬಿಡುತ್ತದೆ. ಝೋರಿನ್ ನೋಡಲು ಬಲು ಸೊಗಸು, ವಿಂಡೋಸ್ ಬಿಟ್ಟು ಬರುವವರನ್ನೇ ಕರೆಯುವಂತಿದೆ. 18ನೇ ಆವೃತ್ತಿಯನ್ನು ವಿಂಡೋಸ್ 10 ನಿಂತ ದಿನವೇ ಬಿಡುಗಡೆ ಮಾಡಿದರು. ಅದೂ ಗ್ನೋಮ್ ಮೇಲೆಯೇ ನಿಂತಿರುವುದರಿಂದ 8 ಜಿಬಿ ಇದ್ದವರು ನೋಡಿ.

ತೀರಾ ಹಳೆಯದಿದ್ದರೆ

ನಿಜವಾದ 32 ಬಿಟ್ ಯಂತ್ರವಾದರೆ ದಾರಿ ದಿನೇದಿನೇ ಕಿರಿದಾಗುತ್ತಿದೆ. ಮಿಂಟ್‌ನ ಮುಖ್ಯ ಶಾಖೆ 19.3ರ ನಂತರ 32 ಬಿಟ್ ಬಿಟ್ಟಿತು. ಉಬುಂಟುವಿಗೆ ಮೂಲವಾದ ಡೆಬಿಯನ್ ಎಂಬ ಲಿನಕ್ಸ್‌ನ, 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸ್ ಕೈಬಿಟ್ಟಿತ್ತು, ಫೈರ್‌ಫಾಕ್ಸ್ 145ನೇ ಆವೃತ್ತಿಯಿಂದ ಬಿಟ್ಟಿತು. ಉಳಿದವುಗಳಲ್ಲಿ ಮುಖ್ಯವಾದವು ಡೆಬಿಯನ್ 12 ಮತ್ತು ಅದರ ಮೇಲೆ ನಿಂತ ಆಂಟಿಎಕ್ಸ್ 23. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ.

ಆಂಟಿಎಕ್ಸ್ ಅರ್ಧ ಜಿಬಿ ರ‍್ಯಾಮಿನಲ್ಲೂ ಎದ್ದು ಕೂರುತ್ತದೆ, ಅದು ಸುಳ್ಳಲ್ಲ. ಅದರ ಮೆನುಗಳು ಮಾತ್ರ ಹೊಸಬರನ್ನು ಗಲಿಬಿಲಿ ಮಾಡುತ್ತವೆ, ಒಂದೇ ಕೆಲಸಕ್ಕೆ ನಾಲ್ಕು ಸಾಫ್ಟ್‌ವೇರ್ ಕಾಣುತ್ತವೆ. ಟೈಪ್ ಮಾಡಲು, ಹಾಡು ಕೇಳಲು, ಪಿಡಿಎಫ್ ಓದಲು, ಮಕ್ಕಳಿಗೆ ಪೈಥಾನ್ ಕಲಿಸಲು ಸಾಕು. ಬ್ಯಾಂಕ್ ವ್ಯವಹಾರಕ್ಕೂ ಯೂಟ್ಯೂಬ್‌ಗೂ ಆ ಯಂತ್ರ ಬೇಡ. ಪಪ್ಪಿ ಲಿನಕ್ಸ್ ಪೆನ್‌ಡ್ರೈವ್‌ನಿಂದ ಎದ್ದು ರ‍್ಯಾಮಿನಲ್ಲೇ ಓಡುತ್ತದೆ. ಕೆಟ್ಟ ಡಿಸ್ಕ್‌ನಿಂದ ಕಡತ ಹೊರತೆಗೆಯಲು ನಾನು ಇಟ್ಟುಕೊಂಡಿರುತ್ತೇನೆ, ದಿನಬಳಕೆಗೆ ಯಾರಿಗೂ ಹೇಳುವುದಿಲ್ಲ.

2016ರ ಸುಮಾರಿಗೆ ಹತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಬಂದ ಐಬಾಲ್ ಕಾಂಪ್‌ಬುಕ್ ತರಹದ ಪುಟ್ಟ ಲ್ಯಾಪ್‌ಟಾಪ್‌ಗಳದು ವಿಚಿತ್ರ ಸಮಸ್ಯೆ. ಒಳಗಿನ ಆಟಮ್ ಪ್ರೊಸೆಸರ್ 64 ಬಿಟ್‌ನದು, ಬೂಟ್ ಮಾಡಿಸುವ ಯುಇಎಫ್ಐ ಮಾತ್ರ 32 ಬಿಟ್‌ನದು. 2 ಜಿಬಿ ರ‍್ಯಾಮ್, 32 ಜಿಬಿ ಸಂಗ್ರಹ ಎರಡೂ ಬೋರ್ಡಿಗೇ ಬೆಸುಗೆ, ಬದಲಿಸುವಂತಿಲ್ಲ. ಬಹಳಷ್ಟು ಲಿನಕ್ಸ್ ಪೆನ್‌ಡ್ರೈವ್‌ಗಳನ್ನು ಅವು ಗುರುತಿಸುವುದೇ ಇಲ್ಲ. ಡೆಬಿಯನ್‌ನ ಇನ್‌ಸ್ಟಾಲರ್ ಈ ಮಿಶ್ರತಳಿಯನ್ನೂ ಸಂಭಾಳಿಸುತ್ತದೆ. ಲಿನಕ್ಸ್ ಕಲಿಯುವ ಮೊದಲ ಯಂತ್ರವಾಗಿ ಮಾತ್ರ ಇದನ್ನು ಆರಿಸಬೇಡಿ.

ಕ್ರೋಮ್ಒಎಸ್ ಫ್ಲೆಕ್ಸ್ ಯಾರಿಗೆ

ಗೂಗಲ್ 2022ರಲ್ಲಿ ಹೊರತಂದ ಇದೂ ಒಳಗೆ ಲಿನಕ್ಸೇ, ಆದರೆ ಕಾಣುವುದು ಬ್ರೌಸರ್ ಒಂದೇ. 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಬೇಕು. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಪೇಪರ್ ಓದಲು, ವಿಡಿಯೊ ಕಾಲ್ ಮಾಡಲು, ಯಕ್ಷಗಾನ ನೋಡಲು ಲ್ಯಾಪ್‌ಟಾಪ್ ಬೇಕು, ರಿಪೇರಿ ಮಾಡಲು ನೀವು ಹತ್ತಿರ ಇರುವುದಿಲ್ಲ ಅಂದರೆ ಮಿಂಟ್‌ಗಿಂತ ಇದೇ ಮೇಲು. ಅಪ್‌ಡೇಟ್ ಅದರಷ್ಟಕ್ಕೆ ಆಗುತ್ತದೆ, ಕೆಡಿಸಲು ಏನೂ ಇಲ್ಲ. ಆದರೆ ಇನ್‌ಸ್ಟಾಲ್ ಮಾಡಿದರೆ ಡಿಸ್ಕ್ ಪೂರ್ತಿ ಅಳಿಸುತ್ತದೆ. ವಿಂಡೋಸ್ ಪಕ್ಕದಲ್ಲಿ ಇಡಲು ಬಿಡುವುದಿಲ್ಲ. ಹೆಸರು ನೋಡಿ ಮೊಬೈಲ್ ಆ್ಯಪ್ ಸಿಗುತ್ತವೆ ಅಂದುಕೊಳ್ಳಬೇಡಿ, ಪ್ಲೇ ಸ್ಟೋರ್ ಇದರಲ್ಲಿಲ್ಲ. ನಿಮ್ಮ ಮಾದರಿಗೆ ಯಾವ ವರ್ಷದವರೆಗೆ ಬೆಂಬಲ ಎಂದು ಗೂಗಲ್ ಪಟ್ಟಿಯನ್ನೇ ಹಾಕಿದೆ, ಮೊದಲು ಅದನ್ನು ನೋಡಿ.

ಕನ್ನಡದ ಕೆಲಸ ಇರುವವರು ಇಲ್ಲಿ ನಿಲ್ಲಿ

ಕನ್ನಡ ಓದಲು ಮಿಂಟ್, ಲುಬುಂಟುವಿನಲ್ಲಿ ಏನೂ ಮಾಡಬೇಕಿಲ್ಲ. ಆಂಟಿಎಕ್ಸ್‌ನಂಥ ಸಣ್ಣವುಗಳಲ್ಲಿ ಅಕ್ಷರದ ಬದಲು ಚೌಕ ಕಂಡರೆ ಗುಬ್ಬಿ, ನವಿಲು, ಲೋಹಿತ್, ನೋಟೊ ಇವುಗಳಲ್ಲಿ ಒಂದು ಫಾಂಟ್ ಹಾಕಿಕೊಳ್ಳಿ. ಎಲ್ಲವೂ ಡೆಬಿಯನ್ ಭಂಡಾರದಲ್ಲೇ ಇವೆ.

ಟೈಪಿಂಗ್‌ಗೆ ಎರಡು ದಾರಿ. ಕೀಬೋರ್ಡ್ ಸೆಟಿಂಗ್ಸ್‌ಗೆ ಹೋಗಿ ವಿನ್ಯಾಸಗಳ ಪಟ್ಟಿಯಲ್ಲಿ "ಕನ್ನಡ, ಕಗಪ" ಎಂಬುದನ್ನು ಸೇರಿಸುವುದು ಸುಲಭದ್ದು, ಬೇರೇನೂ ಹಾಕಬೇಕಿಲ್ಲ. ಆದರೆ ವಿಂಡೋಸ್‌ನ ನುಡಿ ಸಾಫ್ಟ್‌ವೇರ್‌ನಲ್ಲಿ ಕೈ ಪಳಗಿದವರಿಗೆ ಎರಡೇ ನಿಮಿಷದಲ್ಲಿ ಇರಿಸುಮುರುಸಾಗುತ್ತದೆ. ನುಡಿಯಲ್ಲಿ ಐ ಕೀ ಪದದ ಮೊದಲಿಗೆ ಬಂದರೆ ಇ, ವ್ಯಂಜನದ ನಂತರ ಬಂದರೆ ಗುಡಿಸು. ಈ ಸರಳ ವಿನ್ಯಾಸಕ್ಕೆ ಆ ವಿವೇಚನೆ ಇಲ್ಲ. ಅದೇ ಕೀ ಗುಡಿಸನ್ನು ಮಾತ್ರ ಕೊಡುತ್ತದೆ, ಸ್ವರ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ಆದ್ದರಿಂದ ದಿನಾ ಕನ್ನಡ ಬರೆಯುವವರು ಇನ್ನೊಂದು ದಾರಿ ಹಿಡಿಯಿರಿ: ಐಬಸ್ ಎಂಬ ಟೈಪಿಂಗ್ ಸಾಧನ ಮತ್ತು ಅದರ ಎಂ17ಎನ್ ಪ್ಯಾಕೇಜ್. ಅದರಲ್ಲಿರುವ ಕನ್ನಡ ಕೆಜಿಪಿ ವಿನ್ಯಾಸ ನುಡಿಯ ಹಾಗೆಯೇ ನಡೆದುಕೊಳ್ಳುತ್ತದೆ. ಎ, ಕೆ, ಎಫ್, ಕೆ ಒತ್ತಿದರೆ "ಅಕ್ಕ". ಬರಹ ಸಾಫ್ಟ್‌ವೇರ್‌ನ ರೀತಿ ಇಂಗ್ಲಿಷ್ ಉಚ್ಚಾರದಲ್ಲಿ ಬರೆಯುವವರಿಗೆ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ.

ಹಳೇ ನುಡಿ ಕಡತಗಳೇ ನಿಜವಾದ ತಲೆನೋವು. ಯೂನಿಕೋಡ್‌ಗೆ ಮುಂಚಿನ ಪತ್ರಗಳು, ಪ್ರಶ್ನೆಪತ್ರಿಕೆಗಳು, ಸಂಘದ ನಡಾವಳಿಗಳು ನುಡಿಯ ಆಸ್ಕಿ ಫಾಂಟ್‌ಗಳಲ್ಲಿವೆ. ಲಿನಕ್ಸ್‌ನ ಲಿಬ್ರೆಆಫೀಸ್‌ನಲ್ಲಿ (ವರ್ಡ್ ತರಹದ ಸಾಫ್ಟ್‌ವೇರ್) ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಡತ ಕೆಟ್ಟಿದೆ ಎಂದು ಗಾಬರಿಬೀಳಬೇಡಿ. ವಿಂಡೋಸ್ ಅಳಿಸುವ ಮುನ್ನ ಅದರ ಫಾಂಟ್ಸ್ ಫೋಲ್ಡರ್‌ನಿಂದ ನುಡಿಯ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು ಲಿನಕ್ಸ್‌ನಲ್ಲಿ ಹಾಕಿಕೊಂಡರೆ ಕಡತ ಮಟ್ಟಸವಾಗಿ ಕಾಣುತ್ತದೆ. ಓದಲು, ಪ್ರಿಂಟ್ ತೆಗೆಯಲು ಅಷ್ಟು ಸಾಕು. ತಿದ್ದಬೇಕಾದರೆ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಆನ್‌ಲೈನ್‌ನಲ್ಲೇ ಇವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ.

ಪ್ರಿಂಟರ್, ಟ್ಯಾಲಿ

ಲಿನಕ್ಸ್ ಹಾಕಿ ಒಂದು ವಾರದಲ್ಲಿ ವಿಂಡೋಸ್‌ಗೆ ವಾಪಸಾಗುವವರಲ್ಲಿ ಅನೇಕರನ್ನು ಓಡಿಸುವುದು ಪ್ರಿಂಟರ್. ಎಚ್‌ಪಿ ಆದರೆ ಹೆಚ್ಚಿನ ಚಿಂತೆಯಿಲ್ಲ. ಎಚ್‌ಪಿಲಿಪ್ ಎಂಬ ಕಂಪನಿಯದ್ದೇ ಸಾಫ್ಟ್‌ವೇರ್ ಇದೆ. ನಮ್ಮಲ್ಲಿ ಮನೆಮನೆಯಲ್ಲಿರುವ ಲೇಸರ್‌ಜೆಟ್ 1020ಕ್ಕೆ ಅದರ ಜೊತೆ ಒಂದು ಪ್ಲಗಿನ್ ಇಳಿಸಿಕೊಳ್ಳಬೇಕು, ಅಷ್ಟೇ. ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಮಾತ್ರ ಯೋಚಿಸಿ. ಝೆರಾಕ್ಸ್ ಅಂಗಡಿಯಲ್ಲೂ ಲಾಯರ್ ಆಫೀಸಿನಲ್ಲೂ ಅದೇ ಇದೆ, ಗಟ್ಟಿ ಯಂತ್ರ; ಆದರೆ ಅದು ಮಾತಾಡುವುದು ಕ್ಯಾಪ್ಟ್ ಎಂಬ ಕ್ಯಾನನ್‌ನ ಸ್ವಂತ ಭಾಷೆ. ಲಿನಕ್ಸ್‌ನಲ್ಲಿ ಅದನ್ನು ಎಬ್ಬಿಸಬಹುದು, ಆದರೆ ಅದು ಮೊದಲ ವಾರದ ಕೆಲಸವಲ್ಲ.

ಟ್ಯಾಲಿಪ್ರೈಮ್ ವಿಂಡೋಸ್‌ಗೆ ಮಾತ್ರ. ಟೆಂಡರ್, ಜಿಎಸ್‌ಟಿಗೆ ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚುವವರು, ಆಟೋಕ್ಯಾಡ್, ಫೋಟೊಶಾಪ್‌ನಿಂದಲೇ ಅನ್ನ ತಿನ್ನುವವರು ಆ ಯಂತ್ರದಲ್ಲಿ ವಿಂಡೋಸ್ ತೆಗೆಯಬೇಡಿ. ವೈನ್‌ನಲ್ಲಿ (ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಓಡುತ್ತದೆ ಎಂದು ಯಾರಾದರೂ ಹೇಳಿದರೆ, ಮಾರ್ಚ್ ತಿಂಗಳ ಕೊನೆಯಲ್ಲಿ ಅದು ಓಡದಿದ್ದರೆ ನೀವು ಬರುತ್ತೀರಾ ಎಂದು ಕೇಳಿ.

ಹಾಕುವ ಮುನ್ನ ಓಡಿಸಿ ನೋಡಿ

ಲಿನಕ್ಸ್‌ನ ದೊಡ್ಡ ಅನುಕೂಲ, ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ಪೂರ್ತಿ ಓಡಿಸಿ ನೋಡಬಹುದು. ಹೋಲಿಸಿ ಆರಿಸುವವರಿಗೆ ವೆಂಟಾಯ್ ಎಂಬ ಸಾಧನ ಹೇಳಿಮಾಡಿಸಿದ್ದು. 16 ಜಿಬಿ ಪೆನ್‌ಡ್ರೈವ್‌ಗೆ ಒಮ್ಮೆ ವೆಂಟಾಯ್ ಹಾಕಿ, ಮಿಂಟ್, ಲುಬುಂಟು, ಆಂಟಿಎಕ್ಸ್ ಮೂರರ ಐಎಸ್ಒ (ಇನ್‌ಸ್ಟಾಲ್ ಮಾಡುವ) ಕಡತಗಳನ್ನು ಸುಮ್ಮನೆ ನಕಲು ಮಾಡಿಡಿ. ಬೂಟ್ ಆದಾಗ ಯಾವುದು ಬೇಕು ಎಂದು ಅದೇ ಕೇಳುತ್ತದೆ. ಒಂದೇ ಸಾಕು ಎನ್ನುವವರಿಗೆ ರೂಫಸ್ ಇದೆ.

ಬೂಟ್ ಮೆನುಗೆ ಡೆಲ್, ಲೆನೊವೊದಲ್ಲಿ ಆನ್ ಮಾಡಿದ ಕೂಡಲೇ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12 ಹೌದು, ಆದರೆ ಅದನ್ನು ಮೊದಲು ಬಯೋಸ್‌ನಲ್ಲಿ ಆನ್ ಮಾಡಿರಬೇಕಾಗುತ್ತದೆ. ಕೆಲವು ಲೆನೊವೊಗಳ ಪಕ್ಕದಲ್ಲಿ ಗುಂಡುಸೂಜಿ ತೂರುವಷ್ಟು ಚಿಕ್ಕ ತೂತಿರುತ್ತದೆ. ಅದೇ ನೋವೊ ಬಟನ್, ಆಫ್ ಆಗಿರುವಾಗ ಅದನ್ನು ಒತ್ತಿದರೆ ಬೂಟ್ ಮೆನು ಬರುತ್ತದೆ.

ಡೆಸ್ಕ್‌ಟಾಪ್ ಬಂದಮೇಲೆ ಗೋಡೆಚಿತ್ರ ನೋಡುತ್ತ ಕೂರಬೇಡಿ. ವೈಫೈ ಸೇರಿಸಿ, ಯೂಟ್ಯೂಬ್‌ನಲ್ಲಿ ಹಾಡು ಹಾಕಿ, ಬೆಳಕು ಹೆಚ್ಚುಕಡಿಮೆ ಮಾಡುವ ಕೀ ಒತ್ತಿ, ಕ್ಯಾಮೆರಾ ತೆರೆಯಿರಿ. ಆಮೇಲೆ ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಯಿಂದ ಏಳದಿರುವುದು ಹಳೇ ಲ್ಯಾಪ್‌ಟಾಪ್‌ಗಳ ಸಾಮಾನ್ಯ ಕಾಯಿಲೆ, ಅದು ಈಗಲೇ ಗೊತ್ತಾದರೆ ಒಳ್ಳೆಯದು. ರೂಟರ್ ಪಕ್ಕ ಕೂತಾಗ ವೈಫೈ ಚೆನ್ನಾಗಿದ್ದು ಪಕ್ಕದ ಕೋಣೆಗೆ ಹೋದಾಗ ಸತ್ತರೆ ಚಿಪ್ ಯಾವುದೆಂದು ನೋಡಿ. ರಿಯಲ್‌ಟೆಕ್ 8723ಬಿಇ ಚಿಪ್‌ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಂಟೆನಾ ಒಂದೇ ಇರುತ್ತದೆ, ಆದರೆ ಡ್ರೈವರ್ ಅಲ್ಲಿ ಇಲ್ಲವೇ ಇಲ್ಲದ ಎರಡನೇ ಆಂಟೆನಾ ಕಡೆ ಕಿವಿಗೊಟ್ಟು ಕೂತಿರುತ್ತದೆ. ಆಂಟೆನಾ ಆಯ್ಕೆಯನ್ನು ಎರಡಕ್ಕೆ ಬದಲಿಸುವ ಒಂದೇ ಸಾಲಿನ ಪರಿಹಾರ ಇದಕ್ಕಿದೆ. ಚಿಪ್‌ನ ಹೆಸರಿನ ಜೊತೆ ಆಂಟೆನಾ ಎಂದು ಹುಡುಕಿದರೆ ಸಿಗುತ್ತದೆ. ಇನ್ನು ಎಲ್ಲ ಸೈಟ್‌ಗಳೂ "ಸುರಕ್ಷಿತವಲ್ಲ" ಎಂದು ಕೂಗಿದರೆ ಮೊದಲು ದಿನಾಂಕ ನೋಡಿ. ಬೋರ್ಡಿನ ಗುಂಡಿ ಬ್ಯಾಟರಿ ಸತ್ತು ಲ್ಯಾಪ್‌ಟಾಪ್ ಯಾವುದೋ ಹಳೇ ವರ್ಷದಲ್ಲಿ ಬದುಕುತ್ತಿರಬಹುದು.

ವಿಂಡೋಸ್ ಪಕ್ಕದಲ್ಲೇ ಇರಲಿ ಎನ್ನುವವರಿಗೆ

ಡಿಸ್ಕ್ ದೊಡ್ಡದಿದ್ದರೆ ಎರಡನ್ನೂ ಇಟ್ಟುಕೊಳ್ಳಬಹುದು. ಮಿಂಟ್‌ನ ಇನ್‌ಸ್ಟಾಲರ್ ವಿಂಡೋಸ್ ಇರುವುದನ್ನು ಕಂಡು "ಪಕ್ಕದಲ್ಲಿ ಹಾಕಲೇ" ಎಂದು ಕೇಳುತ್ತದೆ. ಅದಕ್ಕೂ ಮೊದಲು ಕಡತಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ಹಾಕಿಕೊಳ್ಳಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ. ಡಿಸ್ಕ್ ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ. 60 ಜಿಬಿ ಬಿಟ್ಟುಕೊಟ್ಟರೆ ಮಿಂಟ್ ನೆಮ್ಮದಿಯಾಗಿರುತ್ತದೆ.

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದನ್ನು ಮರೆಯಬೇಡಿ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗಲೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡಿಸ್ಕನ್ನು ಹಿಡಿದಿಟ್ಟಿರುತ್ತದೆ. ಆಗ ಲಿನಕ್ಸ್‌ನಿಂದ ಸಿ ಡ್ರೈವ್ ನೋಡಬಹುದು, ಏನೂ ಬರೆಯಲಾಗುವುದಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದಿಕೊಳ್ಳುತ್ತದೆ. ಬೋರ್ಡಿನಲ್ಲಿ ಸ್ಥಳೀಯ ಸಮಯವನ್ನೇ ಇಡು ಎಂದು ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್‌ಗೆ ಟರ್ಮಿನಲ್‌ನಲ್ಲಿ ಒಂದು ಸಲ ಹೇಳಿದರೆ ಮತ್ತೆ ಆ ತೊಂದರೆ ಇರುವುದಿಲ್ಲ. ಅಲ್ಲಿಯವರೆಗೆ ವಿಂಡೋಸ್‌ನಲ್ಲಿ ಕೂತು ರೈಲ್ವೆಯ ತತ್ಕಾಲ್ ಟಿಕೆಟ್ ಬುಕ್ ಮಾಡುವಾಗ ಪರದೆಯ ಗಡಿಯಾರ ನಂಬಬೇಡಿ.